ನಿಲ್ಲಬಾರದ ಕಡೆ ನಿಂತ ಉಸಿರು

"ಇವತ್ತು ನೀರು ಯಾಕೆ ಇಷ್ಟು ದೂರ ಹೋಯ್ತು?"

ಜಗಲಿಯ ತುದಿಯಲ್ಲಿ ನಿಂತು ತಾಲೆಬ್ ಕೇಳಿದ. ಯಾರನ್ನೂ ಕೇಳಿದ್ದಲ್ಲ. ಒಳಗೆ ಒಲೆಯ ಮುಂದೆ ಕೂತಿದ್ದ ತಂಗಿ ಬಿಯಾಳ ಕಿವಿಗೆ ಬಿತ್ತು. ಉತ್ತರ ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ವರ್ಷದಲ್ಲಿ ಒಂದು ಅಮಾವಾಸ್ಯೆಯ ಮರುದಿನ ಸಮುದ್ರ ಅವರ ಊರಾದ ಕುವಾಲಾ ಬೆರ್ಲಾಂಗಿನ ಮನೆಗಳ ಕಂಬದ ಬುಡ ಬಿಟ್ಟು ಹಿಂದೆ ಸರಿಯುತ್ತ, ಸರಿಯುತ್ತ, ಕೊನೆಗೆ ಕಣ್ಣಿಗೇ ಕಾಣದಂತಾಗುತ್ತಿತ್ತು. ನಿನ್ನೆ ದೋಣಿಗಳು ತೇಲುತ್ತಿದ್ದಲ್ಲಿ ಈಗ ಬೂದು ಕೆಸರು, ಆಕಾಶದವರೆಗೂ ಕೆಸರು. ಕೊಕ್ಕರೆಗಳು ಅದರ ಮೇಲೆ ಭಾರವಿಲ್ಲದವರ ಹಾಗೆ ನಡೆದಾಡುತ್ತಿದ್ದವು. ಮಧ್ಯಾಹ್ನ ದಾಟಿದ ಮೇಲೆ ಹೋದ ನೀರೆಲ್ಲ ತಿರುಗಿ ಬಂದು ಎರಡಾಳೆತ್ತರಕ್ಕೆ ನಿಲ್ಲುವುದು. ಹೋದ ವರ್ಷ ಇಂಥದೇ ಇಳಿತದ ದಿನ ತಾಲೆಬನ ಮಗಳ ಗಂಡ ಆ ಬಯಲಿಗೆ ಹೋಗಿದ್ದ. ಕೆಸರಿನ ಮೇಲೆ ಜಾರಲು ಒಯ್ದಿದ್ದ ಅವನ ಹಲಗೆ ಮಾತ್ರ ತೇಲಿಕೊಂಡು ಬಂದಿತ್ತು.

ಊರಿನಲ್ಲಿ ಇವತ್ತು ಯಾರೂ ಕೆಸರಿಗೆ ಇಳಿದಿರಲಿಲ್ಲ. ಇಳಿಯಬಾರದೆಂದು ಯಾರೂ ಹೇಳಿದ್ದಲ್ಲ. ಒಬ್ಬ ಬಲೆ ಹೆಣೆಯಬೇಕು ಅಂದ, ಇನ್ನೊಬ್ಬಳಿಗೆ ಸೊಂಟ ಹಿಡಿದಿತ್ತು, ಮತ್ತೊಬ್ಬನ ಬುಟ್ಟಿಯ ತಳ ಹರಿದಿತ್ತು. ಕಪ್ಪೆಚಿಪ್ಪು ಕೈತುಂಬ ಸಿಗುವ ದಿನ, ವರ್ಷದ ಅತಿ ದೊಡ್ಡ ಇಳಿತ, ಇಡೀ ಊರು ಮನೆಯೊಳಗೆ ಕೂತು ಕಾಫಿ ಕುಡಿಯುತ್ತಿತ್ತು.

ಕಾಲುವೆಯಲ್ಲಿ ಇನ್ನೂ ಒಂದಿಷ್ಟು ನೀರು ಉಳಿದಿರುವಾಗ ಬಂದ ಕೊನೆಯ ದೋಣಿಯಿಂದ ಕಲ್ಸುಮ್ ಇಳಿದಳು. ತಾಲೆಬನ ಒಬ್ಬಳೇ ಮಗಳು. ಒಂದು ವರ್ಷದಿಂದ ನದಿಯ ಮೇಲ್ಗಡೆ, ತೆಂಗಿನ ತೋಟದವರ ಊರಿನಲ್ಲಿ, ಗಂಡನ ತಾಯಿಯ ಮನೆಯಲ್ಲಿದ್ದಳು. ಬರುತ್ತೇನೆಂದು ಹೇಳಿ ಕಳಿಸಿರಲಿಲ್ಲ. ಏಣಿ ಹತ್ತಿ ಬಂದವಳು ಬಿಯಾಳ ಕೈ ಹಿಡಿದು, ಹಿರಿಯರಿಗೆ ಮಾಡುವ ಹಾಗೆ, ಹಣೆಗೆ ಒತ್ತಿಕೊಂಡಳು. ಆಮೇಲೆ ಅಪ್ಪನ ಕೈ ಹಿಡಿದಳು. ಹಣೆಗೆ ಒತ್ತಿಕೊಳ್ಳಲಿಲ್ಲ. ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದಲ್ಲಿ ಸಾಲಾಗಿದ್ದ ನಾಲ್ಕು ಹಲ್ಲಿನ ಗುರುತನ್ನು ನೋಡಿ, ಕೈ ಬಿಟ್ಟಳು.

"ಬಂದ್ಯಾ?" ಅಂದಳು ಬಿಯಾ. "ಹೇಳಿ ಕಳ್ಸಿದ್ರೆ ಇನ್ನೊಂದು ಹಿಡಿ ಅಕ್ಕಿ ಹಾಕ್ತಿದ್ದೆ. ಈಗ ನಿಮ್ಮಪ್ಪನ ಪಾಲು ಉಣ್ಣು. ಅವನು ಹೇಗೂ ಕೋಳಿಗೆ ಹಾಕೋಕೇ ಬಡಿಸ್ಕೊಳ್ಳೋದು."

ಕಲ್ಸುಮ್ ನಕ್ಕಳು. ಆ ನಗು ತುಟಿಯಿಂದ ಮೇಲೆ ಹೋಗಲಿಲ್ಲ. ಅನ್ನ, ಹುರಿದ ಒಣಮೀನು, ಅರೆದ ಮೆಣಸು ಇಟ್ಟರೆ ಉಂಡಳು. ಅತ್ತೆ ಹೇಗಿದ್ದಾರೆಂದು ಬಿಯಾ ಕೇಳಿದ್ದಕ್ಕೆ ಚೆನ್ನಾಗಿದ್ದಾರೆ ಅಂದಳು. ಇನ್ನೊಂದು ಮದುವೆಯ ಮಾತೇನಾದರೂ ಬಂತೇ ಎಂದು ಕೇಳಿದ್ದಕ್ಕೆ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದಳು. ತಾಲೆಬ್ ಗೋಡೆಗೊರಗಿ ಕೂತು ಮಗಳ ಕೈಬೆರಳುಗಳನ್ನೇ ನೋಡುತ್ತಿದ್ದ. ಕೊಬ್ಬರಿ ಸುಲಿದು ಸುಲಿದು ಉಗುರಿನ ಅಂಚು ಕಪ್ಪಾಗಿತ್ತು. ಅವನ ಹತ್ತಿರ ಅವಳಿಗೆ ಕೊಡಬೇಕಾದದ್ದು ಒಂದು ಇತ್ತು. ವರ್ಷವಿಡೀ ಅದನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದ. ಅವಳು ಬಂದರೆ ಹೇಳಿಬಿಡುವೆನೆಂದು ದೇವರ ಮುಂದೆ ಎಷ್ಟೋ ಸಲ ಅಂದುಕೊಂಡಿದ್ದ. ಈಗ ಅವಳು ಬಂದಿದ್ದಳು.

ಕೈ ತೊಳೆದವಳೇ ಅವಳು ಮನೆಯ ಕೆಳಗಿಳಿದು ಸತ್ತ ತಾಯಿಯ ಹಲಗೆಯನ್ನು ಕಂಬಗಳ ನಡುವಿನಿಂದ ಎಳೆದಳು.

"ಇವತ್ತೇ ಹೋಗ್ಬೇಕಾ?" ಬಿಯಾ ಮೇಲಿನಿಂದ ಬಗ್ಗಿ ಕೇಳಿದಳು. "ಊರಲ್ಲಿ ಒಂದು ನಾಯಿನೂ ಇವತ್ತು ಇಳಿದಿಲ್ಲ, ನೋಡ್ತಿಲ್ವಾ?"

"ಅದಕ್ಕೇ ಇವತ್ತು, ಮಾಕ್ ಉಸು." ಚಿಕ್ಕತ್ತೆಯನ್ನು ಅವಳು ಕರೆಯುತ್ತಿದ್ದದ್ದು ಹಾಗೆ. "ಬಯಲಿನ ಹಳೇ ಗೂಟದ ಹತ್ರ ಹೋಗ್ಬೇಕು. ಅಬಾ ಜೊತೆ."

ಅಬಾ ಎಂದರೆ ಅಪ್ಪ. ತಾಲೆಬ್ ತನ್ನ ಹಲಗೆ ತೆಗೆದ.

ಆಳುದ್ದದ, ಮುಂತುದಿ ಮೇಲಕ್ಕೆ ಬಾಗಿದ ಮರದ ಹಲಗೆ. ಒಂದು ಮೊಣಕಾಲನ್ನು ಅದರ ಮೇಲೆ ಊರಿ, ಇನ್ನೊಂದು ಕಾಲಿನಿಂದ ಕೆಸರನ್ನು ಹಿಂದಕ್ಕೆ ಒದ್ದರೆ ಅದು ಹಾವಿನ ಹಾಗೆ ಮುಂದೆ ಜಾರುತ್ತದೆ. ಈ ಊರಿನ ಮಕ್ಕಳು ನಡೆಯಲು ಕಲಿತ ಮೇಲೆ ಕಲಿಯುವ ಎರಡನೇ ನಡಿಗೆ ಅದು. ಹಲಗೆ ಬಿಟ್ಟು ನಿಂತರೆ ಮೊದಲು ಮೊಣಕಾಲು ಮುಳುಗುತ್ತದೆ, ಆಮೇಲೆ ತೊಡೆ. ಕಾಲು ಕೀಳಲು ಹೋದಷ್ಟೂ ಸೊಂಟ.

ಅಪ್ಪ ಮುಂದೆ, ಮಗಳು ಹಿಂದೆ. ದಡದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳನ್ನು ದಾಟಿ ಬಯಲಿಗೆ ಬಿದ್ದ ಮೇಲೆ ಹಲಗೆಯ ತಳದ ಸರಸರ ಸದ್ದೊಂದೇ ಉಳಿಯಿತು. ಮಾತಿಲ್ಲ. ಕೆಸರಿನ ಮೇಲೆ ಅವರು ಮಾತು ಕಡಿಮೆ ಆಡುವವರು. ಹೆಸರನ್ನಂತೂ ಎತ್ತುವುದೇ ಇಲ್ಲ. ಗಂಡ ಹೆಂಡತಿಯನ್ನಾಗಲಿ, ತಾಯಿ ಮಗುವನ್ನಾಗಲಿ ಅಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ. 'ಕೂ' ಎಂದು ಒಂದು ಉದ್ದ ಕೂಗು ಹಾಕಿದರೆ ಇಲ್ಲಿದ್ದೇನೆ ಎಂದು. ಎರಡು ಗಿಡ್ಡ ಕೂಗು ಹಾಕಿದರೆ ನೀರು ತಿರುಗಿತು, ಬನ್ನಿ ಎಂದು. ಇದನ್ನು ಯಾರೂ ಯಾರಿಗೂ ನಿಯಮ ಎಂದು ಹೇಳಿಕೊಟ್ಟಿಲ್ಲ. ಕೆಸರಿಗೆ ಇಳಿಯುವ ದಿನ ಅದನ್ನು ಬಾಯಿಬಿಟ್ಟು ಹೇಳುವುದೂ ಒಳ್ಳೆಯದಲ್ಲ. ಅದು ಹಾಡಿನಲ್ಲಿತ್ತು. ತಾಲೆಬನ ಅಜ್ಜಿ ಮಳೆಯ ದಿನಗಳಲ್ಲಿ ನೀಪಾ ತಾಳೆಯ ಗರಿ ಹೆಣೆಯುತ್ತ, ತಲೆಯನ್ನು ನಿಧಾನ ತೂಗುತ್ತ ಹೇಳುತ್ತಿದ್ದ ಉದ್ದದ ಹಾಡು. ಅವನು ಅವಳ ಮೊಣಕಾಲಿಗೆ ಕೆನ್ನೆ ಒರಗಿಸಿ ಕೇಳಿಸಿಕೊಂಡೇ ದೊಡ್ಡವನಾದ:

ಕೆಸರಿಗೆ ಮೊದಲು ನಾಲಿಗೆಯಿರಲಿಲ್ಲ,
ಕೂಗುವ ಜನವೇ ಕಲಿಸಿಕೊಟ್ಟರು.
ಹೆಸರಷ್ಟೇ ಕಲಿತಿತು, ಮಾತು ಬರಲಿಲ್ಲ,
ಹೆಸರಿಗೆ ಓಗೊಟ್ಟವರು ಹೊರಟೇಬಿಟ್ಟರು.

ಮಗಳಿಗೂ ಅದನ್ನು ಹೇಳಿಕೊಟ್ಟವನು ಅವನೇ. ಕುರಾನಿನ ಓದನ್ನು ಕಲಿಸಿದವನೂ ಅವನೇ. ಯಾವ ಅಕ್ಷರವನ್ನು ಎಳೆಯಬೇಕು, ಎಲ್ಲಿ ಉಸಿರು ಬಿಡಬಹುದು, ಎಲ್ಲಿ ಎದೆ ಒಡೆದರೂ ನಿಲ್ಲಬಾರದು ಎಂದು ಬೆರಳಿನಿಂದ ಅವಳ ಮಣಿಕಟ್ಟಿನ ಮೇಲೆ ತಟ್ಟಿ ತಟ್ಟಿ ಕಲಿಸಿದ್ದ. ಆರು ವರ್ಷದ ಹುಡುಗಿ ಎಡವದೆ ಓದಿದ ದಿನ ಅವನು ಜಗಲಿಯ ಕಂಬ ಹಿಡಿದು ಅತ್ತಿದ್ದ.

ಅಳಿಯ ಪಾರ್ನೊ ಈ ಹಾಡು ಕೇಳಿ ಬೆಳೆದವನಲ್ಲ. ಜಾವಾದಿಂದ ಬಂದು ತೋಟ ಮಾಡಿಕೊಂಡವರ ಮಗ. ತೆಂಗಿನ ಮರ ಹತ್ತುವುದರಲ್ಲಿ ಅವನ ಸಮ ಇರಲಿಲ್ಲ. ಮದುವೆಯಾಗಿ ನಾಲ್ಕು ತಿಂಗಳಿಗೆ, ಮೊದಲ ಸಲ ಮಾವನ ಮನೆಗೆ ಐದು ದಿನದ ಮಟ್ಟಿಗೆ ಬಂದಿದ್ದ. ಜಗಲಿಯಲ್ಲಿ ನಿಂತು ನೀರು ಹೋಗುವುದನ್ನು ನೋಡಿ, "ನಮ್ಮೂರಲ್ಲಿ ನೆಲ ಇದ್ದಲ್ಲೇ ಇರುತ್ತೆ ಅಬಾ. ನಿಮ್ಮದು ದಿನಕ್ಕೆ ಎರಡು ಸಲ ಮನೆ ಬಿಟ್ಟು ಓಡಿಹೋಗುತ್ತಲ್ಲ," ಅಂದಿದ್ದ. ಬಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಮೂರು ದಿನ ಮನೆಯ ಮುಂದೆಯೇ ಹಲಗೆ ಕಲಿತ. ಬೀಳುವನು, ಏಳುವನು, ಕಣ್ಣು ಮಾತ್ರ ಕಾಣುವಷ್ಟು ಕೆಸರು ಮೆತ್ತಿಕೊಂಡು ಏಣಿ ಹತ್ತುವನು. ಮರ ಹತ್ತೋ ಕೋತಿ ಈಗ ಎಮ್ಮೆ ಆಯ್ತು ಎಂದು ಹೆಂಗಸರು ಕಿಚಾಯಿಸಿದರೆ ಎಮ್ಮೆಯ ಹಾಗೆ ಕೂಗಿ ತೋರಿಸುವನು. ನಾಲ್ಕನೇ ದಿನ, ದೊಡ್ಡ ಇಳಿತದ ದಿನ, ತಾನೂ ಬರುತ್ತೇನೆಂದು ಹಟ ಹಿಡಿದ. ತಾಲೆಬ್ ಅವನಿಗೆ ಮೊಣಕಾಲು ಎಲ್ಲಿಡಬೇಕು, ಬುಟ್ಟಿ ಎಲ್ಲಿ ಕಟ್ಟಬೇಕು, ಎಂಥ ಕೆಸರು ಮೋಸದ್ದು ಎಂದೆಲ್ಲ ಹೇಳಿದ. 'ಕೂ' ಕೂಗನ್ನೂ ಕಲಿಸಿದ. ಎಲ್ಲರನ್ನೂ ಬಯಲಿಗೆ ಒಯ್ದ ದೋಣಿಯಿಂದ ಇಳಿದ ಕೂಡಲೇ ಪಾರ್ನೊ ಹೆಂಡತಿಯ ಹೆಸರು ಹಿಡಿದು ಏನೋ ಕೇಳಿದ. ತಾಲೆಬ್ ತುಟಿಯ ಮೇಲೆ ಬೆರಳಿಟ್ಟ. ಚಿಪ್ಪುಗಳು ಹೆದರಿ ಓಡಿಹೋಗುತ್ತವೇನೋ ಎನ್ನುವಂತೆ ಪಾರ್ನೊ ಕಣ್ಣರಳಿಸಿ ತಾನೂ ತುಟಿಯ ಮೇಲೆ ಬೆರಳಿಟ್ಟು ನಕ್ಕ. ಅಷ್ಟು ಸಾಕು ಎಂದುಕೊಂಡ ತಾಲೆಬ್. ಬೆರಳಿಟ್ಟರೆ ಯಾರಿಗಾದರೂ ಅರ್ಥವಾಗುತ್ತದೆ ಎಂದುಕೊಂಡ.

ಈಗ ಬಯಲಿನ ನಡುವೆ ಹಳೆಯ ಬಲೆಗೂಟ ಕಾಣಿಸಿತು. ಯಾವ ಕಾಲದಲ್ಲೋ ಮೀನಿಗೆ ನೆಟ್ಟ ಗೂಟಗಳಲ್ಲಿ ಉಳಿದದ್ದು ಅದೊಂದೇ, ಓರೆಯಾಗಿ, ಮೈತುಂಬ ಚಿಪ್ಪು ಹತ್ತಿಸಿಕೊಂಡು. ತಾಲೆಬನ ಒದೆತ ನಿಧಾನವಾಯಿತು. ಹಿಂದಿನಿಂದ ಬಂದ ಮಗಳು ಅವನನ್ನು ದಾಟಿ ಮುಂದೆ ಹೋದಳು.

ಆ ದಿನ ದೋಣಿ ಈ ಗೂಟದಿಂದ ಮುನ್ನೂರು ಮಾರು ದೂರದಲ್ಲಿ, ಕಾಲುವೆಯ ಅಂಚಿನ ಕೆಸರಿನ ಮೇಲೆ ಕೂತಿತ್ತು. ಮಧ್ಯಾಹ್ನ ಮಳೆ ಇಳಿಯಿತು. ಬಿಳಿ ಮಳೆ, ಕೈ ಚಾಚಿದರೆ ಕೈ ಕಾಣದಷ್ಟು. ಎರಡು ಗಿಡ್ಡ ಕೂಗಿಗೆ ಎಲ್ಲರೂ ಬಂದು ದೋಣಿ ಹತ್ತಿದರು. ಒಬ್ಬ ಬರಲಿಲ್ಲ. ತಾಲೆಬ್ ಉದ್ದನೆಯ ಕೂಗು ಹಾಕಿದ, ಮತ್ತೆ ಮತ್ತೆ ಹಾಕಿದ. ಅದಕ್ಕೆ ಉತ್ತರವಾಗಿ ಕೂಗು ಬರಲಿಲ್ಲ. ನೀರು ದೋಣಿಯ ತಳವನ್ನು ನೆಕ್ಕತೊಡಗಿತು. ಆಗ ಮಳೆಯೊಳಗಿನಿಂದ ಒಂದು ಸ್ವರ ಬಂತು.

'ಕಲ್ಸುಮ್.'

ದೋಣಿಯಲ್ಲಿದ್ದ ಏಳು ಮಂದಿಯೂ ಕಲ್ಲಾದರು. ಕಲ್ಸುಮ್ ಮಾತ್ರ ಎದ್ದು ನಿಂತಳು. ಅವಳು ಬಾಯಿ ತೆರೆಯುವಷ್ಟರಲ್ಲಿ ತಾಲೆಬ್ ಅವಳನ್ನು ಹಿಂದಿನಿಂದ ಹಿಡಿದು, ಅಂಗೈಯಿಂದ ಬಾಯಿ ಮುಚ್ಚಿ, ತಲೆಯನ್ನು ತನ್ನ ಎದೆಗೆ ಒತ್ತಿಕೊಂಡ. ಅವಳ ಒಂದು ಕಿವಿ ಅವನ ಎದೆಗೆ, ಇನ್ನೊಂದು ಅವನ ತೋಳಿನ ಕೆಳಗೆ. ಕೇಡಿನಿಂದ ಕಾಯುವ ಕುರಾನಿನ ದೊಡ್ಡ ವಚನವನ್ನು ಗಟ್ಟಿಯಾಗಿ ಓದತೊಡಗಿದ. ಅವನಿಗೆ ಬೇರೇನೂ ತೋಚಲಿಲ್ಲ. ಕೆಸರು ತನ್ನ ಮಗಳ ಹೆಸರನ್ನು ಕಲಿತಿತ್ತು. ಅವಳು ಓಗೊಟ್ಟರೆ ಹೊರಟುಬಿಡುತ್ತಾಳೆ. ಅಷ್ಟೇ ಅವನ ಮೈಯೆಲ್ಲ ತುಂಬಿದ್ದ ತಿಳಿವು. ಸ್ವರ ಇನ್ನೊಮ್ಮೆ ಕರೆಯಿತು. ಅವಳು ಅವನ ಅಂಗೈ ಕಚ್ಚಿದಳು. ಬಿಸಿಯಾಗಿ ರಕ್ತ ಇಳಿಯಿತು, ಅವನು ಓದು ಬಿಡಲಿಲ್ಲ. ದೋಣಿಯವರೂ ಅವನೊಡನೆ ಸ್ವರ ಸೇರಿಸಿದರು.

ಮೂರನೇ ಸಲ ಹೆಸರಿನ ಜೊತೆ ಮಾತೂ ಬಂತು.

'ಕಲ್ಸುಮ್, ಅಬಾಗೆ ಹೇಳು. ಹಲಗೆ ಜಾರಿ ಹೋಯ್ತು. ಗೂಟ ಹಿಡ್ಕೊಂಡಿದ್ದೀನಿ.'

ಉಳಿದವರಿಗೆ ತಮ್ಮ ಓದಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ, ಯಾರೂ ಎಂದೂ ಹೇಳಲಿಲ್ಲ. ತಾಲೆಬನಿಗೆ ಕೇಳಿಸಿತು. ಹೆಸರಷ್ಟೇ ಕಲಿತಿತು, ಮಾತು ಬರಲಿಲ್ಲ. ಅಜ್ಜಿಯ ಹಾಡು ಅಷ್ಟು ಸ್ಪಷ್ಟವಾಗಿ ಹೇಳಿತ್ತು. ಮಾತಾಡುವುದು ಕೆಸರಲ್ಲ. ಅವನ ಉಸಿರು ವಚನದ ನಡುವೆ, ಎಂದೂ ನಿಲ್ಲಬಾರದ ಕಡೆ, ಕಡಿದುಬಿತ್ತು.

ಆಗ ಹಲಗೆ ನೀರಿಗೆ ಹಾಕಿದ್ದರೆ ಹೋಗಬಹುದಿತ್ತು. ಮುನ್ನೂರು ಮಾರು. ಅವನ ಕಾಲಿಗೆ ಅದು ದೂರವಲ್ಲ. ಆದರೆ ಚಿಕ್ಕಂದಿನಿಂದ ಮೈಯಲ್ಲಿ ಇಳಿದದ್ದು ಬುದ್ಧಿಗಿಂತ ಮೊದಲು ಎದ್ದಿತು. ಓದಲು ಹಿಡಿದದ್ದನ್ನು ನಡುವೆ ಬಿಡಬಾರದು. ತಪ್ಪಾದ ಕಡೆ ಉಸಿರು ಕಡಿದರೆ ಹಿಂದೆ ಹೋಗಿ ಮೊದಲಿನಿಂದ ಓದಬೇಕು. ಅವನು ಹಿಂದೆ ಹೋದ. ಮೊದಲಿನಿಂದ, ಒಂದು ಅಕ್ಷರವೂ ಜಾರದಂತೆ, ಕೊನೆಯವರೆಗೆ ಓದಿದ. ಓದು ಮುಗಿಸಿ ಕಿವಿಗೊಟ್ಟಾಗ ಮಳೆ ಮಾತ್ರ ಇತ್ತು. ದೋಣಿ ತೇಲುತ್ತಿತ್ತು.

ಆಮೇಲೆ ಊರು ಅವನನ್ನು ಕೈಬಿಡಲಿಲ್ಲ. ಅಕ್ಕಿ ತಂದರು, ತೆಂಗಿನಕಾಯಿ ತಂದರು, ಪಕ್ಕದಲ್ಲಿ ಕೂತರು. ಕೆಸರಿನದು ಕರೆಯಿತು, ಮಗಳನ್ನು ಉಳಿಸಿಕೊಂಡೆ, ನಿನ್ನ ಪುಣ್ಯ ಅಂದರು. ಪಾರ್ನೊ ಎಂಬ ಹೆಸರು ಯಾರ ಬಾಯಲ್ಲೂ ಬರಲಿಲ್ಲ. 'ಮೇಲಿನೂರವನು' ಅಂದರು. ಆ ದೋಣಿಯಲ್ಲಿದ್ದವರೆಲ್ಲ ಒಂದೇ ನಂಬಿಕೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಅದನ್ನು ಎಳೆದರೆ ಎಷ್ಟು ಮನೆಯ ನಿದ್ದೆ ಹೋಗುತ್ತದೆಂದು ತಾಲೆಬನಿಗೆ ಗೊತ್ತಿತ್ತು. ಇಮಾಮರ ಬಳಿ ಹೋಗಿ ಅರ್ಧ ಹೇಳಿದ. ಹೆದರಿದಾಗ ದೇವರ ಮಾತನ್ನು ಓದಿದ್ದು ಎಂದಾದರೂ ತಪ್ಪಾದೀತೇ ಅಂದರು ಅವರು, ಹೆಗಲ ಮೇಲೆ ಕೈಯಿಟ್ಟು. ಇನ್ನರ್ಧ ಹೇಳಲಾಗಲಿಲ್ಲ. ಅಂದಿನಿಂದ ಆ ವಚನವನ್ನು ಓದಲು ಹೋದರೆ ಅದೇ ಅಕ್ಷರದ ಹತ್ತಿರ ಉಸಿರು ತಾನಾಗಿ ಕಡಿಯುತ್ತಿತ್ತು. ಮತ್ತೆ ಮೊದಲಿನಿಂದ ಹಿಡಿಯುವನು, ಮತ್ತೆ ಅಲ್ಲೇ ಕಡಿಯುವುದು. ಪ್ರಾರ್ಥನೆಗೆ ನಿಂತವರ ಕೊನೆಯ ಸಾಲಿನಲ್ಲಿ ತುಟಿ ಮಾತ್ರ ಆಡಿಸುತ್ತ ನಿಲ್ಲುವುದನ್ನು ಕಲಿತ.

ಈಗ ಕಲ್ಸುಮ್ ಗೂಟದ ಬುಡದಲ್ಲಿ ಹಲಗೆ ನಿಲ್ಲಿಸಿ, ಒಂದು ಕೈಯಿಂದ ಗೂಟವನ್ನು ಹಿಡಿದಳು. ಹತ್ತಿದ್ದ ಚಿಪ್ಪಿನ ಚೂಪಿಗೆ ಬೆರಳು ಕೊಯ್ದರೂ ಬಿಡಲಿಲ್ಲ. ಕೆಸರಿನ ಮೇಲೆ ಪುಟ್ಟ ಮೀನುಗಳು ಜಿಗಿದು ಜಿಗಿದು ತೂತು ಸೇರುತ್ತಿದ್ದವು. ಅವಳು ಆ ದಿನ ದೋಣಿ ಇದ್ದ ದಿಕ್ಕಿಗೆ ನೋಡಿದಳು. ಕಣ್ಣಿನಲ್ಲೇ ಅಳೆಯುತ್ತಿದ್ದಳು.

"ಪಾರ್ನೊ," ಅಂದಳು.

ತಾಲೆಬ್ ತುಟಿಯ ಮೇಲೆ ಬೆರಳಿಡಲು ಕೈಯೆತ್ತಿದ. ಕೂಗಿದ್ದಲ್ಲ, ಮನೆಯೊಳಗೆ ಊಟಕ್ಕೆ ಕರೆಯುವ ಹಾಗೆ ಅಂದಿದ್ದಳು. ಕೆಸರು ಏನೂ ಮಾಡಲಿಲ್ಲ. ಕೊಕ್ಕರೆಯೊಂದು ಕಾಲು ಬದಲಿಸಿತು.

"ನೋಡಿದ್ರಾ, ಕೆಸರು ಕಲೀಲಿಲ್ಲ," ಅಂದಳು ಮಗಳು. ಆಮೇಲೆ ಅವನ ಕಡೆ ತಿರುಗಿದಳು. "ನನ್ನ ಕಿವಿ ನಿಮ್ಮ ಎದೆ ಮೇಲಿತ್ತು, ಅಬಾ. ನನಗೆ ಹೊರಗಿಂದು ಏನೂ ಕೇಳ್ತಿರಲಿಲ್ಲ. ಮೊದಲ್ನೇ ಸಲ ಈ ಗೂಟದ ಕಡೆಯಿಂದ ಕರೆದಿದ್ದು ಕೇಳ್ತು, ಅಷ್ಟೇ. ಆಮೇಲೆ ನಿಮ್ಮ ಓದು. ಎದೆಯೊಳಗಿಂದ ಕೇಳ್ತಿತ್ತು."

ಅವನು ಹಲಗೆಯ ಅಂಚನ್ನು ನೋಡುತ್ತಿದ್ದ.

"ನಡುವೆ ನಿಂತ್ರಿ ನೀವು. ಎಲ್ಲಿ ನಿಂತ್ರಿ ಅಂತನೂ ಹೇಳ್ತೀನಿ, ಬೇಕಾದ್ರೆ ಓದಿ ತೋರಿಸ್ತೀನಿ. ಅಲ್ಲಿ ನಿಲ್ಬಾರ್ದು ಅಂತ ನೀವೇ ನನ್ನ ಕೈ ಮೇಲೆ ತಟ್ಟಿದ್ದು. ಕಚ್ಚಿದಾಗ ನಿಲ್ಲದ ಓದು ಅಲ್ಲಿ ಯಾಕೆ ನಿಂತಿತು? ಅವನು ಏನೋ ಅಂದ."

ಸಮುದ್ರದ ಕಡೆಯಿಂದ ಗಾಳಿ ತಿರುಗಿತು. ತಾಲೆಬನ ಕಾಲಿಗೆ ಅದು ಎಲ್ಲಕ್ಕಿಂತ ಮೊದಲು ಗೊತ್ತಾಯಿತು. ಇನ್ನೊಂದು ಸ್ವಲ್ಪ ಹೊತ್ತಿಗೆ ಕಾಲುವೆಯಲ್ಲಿ ನೀರಿನ ಮೊದಲ ಎಳೆ ಕಾಣಿಸುತ್ತದೆ. ಹೊರಡಬೇಕು ಎಂದು ಹೇಳಿದ. ಅವಳು ಗೂಟ ಬಿಡಲಿಲ್ಲ.

ಅತ್ತೆ ದಿನವೂ ಸಂಜೆಯ ಪ್ರಾರ್ಥನೆ ಮುಗಿಸಿ, ಚಾಪೆ ಸುತ್ತುತ್ತ, ಅದೊಂದನ್ನೇ ಕೇಳುತ್ತಾಳೆಂದು ಅವಳು ಹೇಳಿದಳು. ನನ್ನ ಮಗ ಕೊನೆಗೆ ಏನಂದ? ಗೋರಿಯಿಲ್ಲ, ಬಟ್ಟೆಯ ಚೂರಿಲ್ಲ, ಮಾತಾದರೂ ಇದ್ದೀತು ಎಂದು ಕೇಳುತ್ತಾಳೆ. ಹೆಂಡತಿಯಾದವಳು ಅಷ್ಟು ಹತ್ತಿರ ಇದ್ದೂ ಗೊತ್ತಿಲ್ಲ ಅನ್ನುತ್ತಾಳೆಂದು ಬೈಯುವುದಿಲ್ಲ. ಮರುದಿನ ಮತ್ತೆ ಕೇಳುತ್ತಾಳೆ, ಅಷ್ಟೇ.

"ನಿಮ್ಮನ್ನ ಬೈಯೋಕೆ ಬಂದಿಲ್ಲ," ಅಂದಳು. ಸ್ವರ ತಗ್ಗಿತ್ತು. "ಊರವರಿಗೂ ಏನೂ ಹೇಳಲ್ಲ. ಮೇಲಿನೂರವನು ಅಂತಲೇ ಅನ್ಕೊಳ್ಳಲಿ ಅವರು. ಅವನು ಕರೆದಿದ್ದು ನನ್ನನ್ನ. ಆಮೇಲೆ ಅಂದಿದ್ದೂ ನನಗೇ ಅಲ್ವಾ? ನನ್ನದು ಅದು. ನಿಮ್ಮ ಹತ್ರ ಉಳಿದುಬಿಟ್ಟಿದೆ. ಕೊಟ್ಬಿಡಿ ಅಬಾ. ಕೊಟ್ರೆ ನಾನು ಸಂಜೆ ದೋಣಿಗೆ ಹೋಗ್ತೀನಿ."

ತಾಲೆಬ್ ಬಾಯಿ ತೆರೆದ. ವರ್ಷವಿಡೀ ಹೇಳಿಕೊಂಡು ಹೇಳಿಕೊಂಡು ನುಣುಪಾಗಿದ್ದ ಮಾತು ನಾಲಿಗೆಯ ತುದಿಗೆ ಬಂತು. ಅಬಾಗೆ ಹೇಳು. ಅಬಾ ಅಲ್ಲೇ ಇದ್ದ, ಕೇಳಿಸಿಕೊಂಡ. ಅಳಿಯ ಕೆಸರಿನಲ್ಲಿ ಕುತ್ತಿಗೆಯವರೆಗೆ ನಿಂತು ನಂಬಿದ್ದು ಇಡೀ ಬಯಲಿನಲ್ಲಿ ಒಬ್ಬನೇ ಒಬ್ಬನನ್ನು. ಈ ಹುಡುಗಿ ಅದನ್ನು ಒಯ್ದು ಸಂಜೆ ಚಾಪೆ ಸುತ್ತುವ ಮುದುಕಿಯ ಮಡಿಲಿಗೆ ಹಾಕುತ್ತಾಳೆ. ಆಮೇಲೆ ದಿನವೂ ಆ ಇಬ್ಬರು ಹೆಂಗಸರು ಮುನ್ನೂರು ಮಾರು ಎಂದು ಅಳೆಯುತ್ತ ಕೂರುತ್ತಾರೆ. ಅವರಿಗೆ ಅದು ಬೇಡ ಎಂದುಕೊಂಡ. ಹಾಗೆ ಅಂದುಕೊಂಡದ್ದು ಅವರ ಮೇಲಿನ ಕರುಣೆಯೋ, ಮಗಳ ಕಣ್ಣಿನಲ್ಲಿ ತನ್ನನ್ನು ತಾನು ನೋಡಬೇಕಾಗುತ್ತದೆಂಬ ಭಯವೋ ಎಂದು ಒಳಗೆ ತಡಕಿದ. ಎರಡೂ ಒಂದೇ ಬಣ್ಣದ ಕೆಸರಾಗಿದ್ದವು, ಬೇರೆ ಮಾಡಲಾಗಲಿಲ್ಲ. ದೇವರನ್ನು ನೆನೆದ. ನೆನೆದ ಕಡೆಯೇ ಉಸಿರು ಕಡಿಯಿತು.

ಕಾಲುವೆಯಲ್ಲಿ ಸಣ್ಣಗೆ ನೀರು ಹೊಳೆಯಿತು.

"ಏನಂದ ಅವನು?" ಮಗಳು ಕೇಳಿದಳು. "ಹೇಳಿ ಅಬಾ."

ತಾಲೆಬ್ ಮೊಣಕಾಲನ್ನು ಹಲಗೆಯ ಮೇಲೆ ಊರಿದ.

"ಇಲ್ಲ," ಅಂದ. "ಹೇಳಲ್ಲ."